ಜಪಾನಿನಲ್ಲಿ ಬ್ಯಾಕ್‌ಕಂಟ್ರಿ ಸ್ಕೀಯಿಂಗ್

ಜಪಾನಿನಲ್ಲಿ ಬ್ಯಾಕ್‌ಕಂಟ್ರಿ ಸ್ಕೀಯಿಂಗ್ ಎಂದರೆ ಆ ದೇಶದ ಸ್ಕೀ ಧಾಮಗಳ ಎಲ್ಲೆಯಾಚೆ, ಯಂತ್ರಗಳಿಂದ ಹದಗೊಳಿಸದ, ಕಾವಲು ಸಿಬ್ಬಂದಿಯಿಲ್ಲದ ಪರ್ವತಗಳಲ್ಲಿ ನಡೆಯುವ ಸ್ಕೀ ಯಾನ. ಇಲ್ಲಿನ ಹಗುರವಾದ ಪುಡಿಹಿಮವನ್ನು (ಪೌಡರ್) ಅರಸಿ ಅನೇಕ ದೇಶಗಳಿಂದ ಪ್ರವಾಸಿಗರು ಬರುತ್ತಾರೆ. ಹಿಮಕುಸಿತದ ಅಪಾಯವಿರುವುದರಿಂದ ಇಂತಹ ಯಾನಗಳನ್ನು ಸಾಮಾನ್ಯವಾಗಿ ತರಬೇತಿ ಪಡೆದ ಮಾರ್ಗದರ್ಶಿಗಳ ನೇತೃತ್ವದಲ್ಲಿ ಕೈಗೊಳ್ಳಲಾಗುತ್ತದೆ.

ಹಿಮದ ಸ್ವರೂಪ

ಚಳಿಗಾಲದಲ್ಲಿ ಸೈಬೀರಿಯಾದಿಂದ ಬೀಸುವ ಶೀತಲ ಒಣಗಾಳಿಯು ಜಪಾನ್ ಸಮುದ್ರವನ್ನು ದಾಟುವಾಗ ತೇವಾಂಶವನ್ನು ಹೀರಿಕೊಳ್ಳುತ್ತದೆ. ತ್ಸುಶಿಮಾ ಉಷ್ಣ ಪ್ರವಾಹವು ಈ ಸಮುದ್ರವನ್ನು ಬೆಚ್ಚಗಿಡುತ್ತದೆ. ತೇವಗೊಂಡ ಗಾಳಿಯು ಹೊಕ್ಕೈಡೊ ಮತ್ತು ಹೊನ್ಶು ದ್ವೀಪಗಳ ಪರ್ವತಗಳಿಗೆ ತಡೆದು ಮೇಲೇರಿದಾಗ ಪಶ್ಚಿಮ ಪಾರ್ಶ್ವದಲ್ಲಿ ಭಾರಿ ಹಿಮಪಾತವಾಗುತ್ತದೆ. ಹೊಕ್ಕೈಡೊ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಉಕಿಚಿರೊ ನಕಾಯಾ ಅವರು 1936ರಲ್ಲಿ ಜಗತ್ತಿನ ಮೊದಲ ಕೃತಕ ಹಿಮಹರಳನ್ನು ರೂಪಿಸಿದರು.

ಇತಿಹಾಸ

1911ರ ಜನವರಿಯಲ್ಲಿ ಆಸ್ಟ್ರಿಯಾ-ಹಂಗೇರಿಯ ಸೇನಾಧಿಕಾರಿ ಥಿಯೊಡೋರ್ ಫಾನ್ ಲೆರ್ಖ್ ನೀಗಾಟಾ ಪ್ರಾಂತದ ತಕಾಡಾದಲ್ಲಿ ಜಪಾನಿ ಸೈನಿಕರಿಗೆ ಸ್ಕೀ ವಿದ್ಯೆಯನ್ನು ಕಲಿಸಿದರು. ಮುಂದೆ 1972ರಲ್ಲಿ ಸಪ್ಪೊರೊ ಹಾಗೂ 1998ರಲ್ಲಿ ನಗಾನೊ ನಗರಗಳು ಚಳಿಗಾಲದ ಒಲಿಂಪಿಕ್ ಕ್ರೀಡೆಗಳ ಆತಿಥ್ಯ ವಹಿಸಿದವು.

ಪ್ರಮುಖ ಪ್ರದೇಶಗಳು

* ನಿಸೆಕೊ (ಹೊಕ್ಕೈಡೊ): ಅನ್ನುಪುರಿ (1,308 ಮೀ.) ಪರ್ವತದ ಇಳಿಜಾರುಗಳು. ಎದುರಿಗೆ ಯೋಟೆ ಜ್ವಾಲಾಮುಖಿ (1,898 ಮೀ.) ಇದೆ.
* ಅಸಾಹಿದಾಕೆ (2,291 ಮೀ.): ಹೊಕ್ಕೈಡೊದ ಅತ್ಯುನ್ನತ ಶಿಖರ. ರೋಪ್‌ವೇ ಸೌಲಭ್ಯವಿದೆ.
* ಹಕ್ಕೋಡಾ (ಅವೊಮೊರಿ): ಗಾಳಿಯ ಹೊಡೆತಕ್ಕೆ ಹಿಮಗಟ್ಟಿದ ಮರಗಳಿಗೆ ಹೆಸರಾದ ತಾಣ.
* ಹಕುಬಾ (ನಗಾನೊ) ಮತ್ತು ಮ್ಯೋಕೊ (ನೀಗಾಟಾ): ಹೊನ್ಶುವಿನ ಕಡಿದಾದ ಪರ್ವತ ಪ್ರದೇಶಗಳು.

ಯಾನದ ಯೋಜನೆ

ಪುಡಿಹಿಮಕ್ಕೆ ಜನವರಿ ಮತ್ತು ಫೆಬ್ರವರಿ ತಿಂಗಳುಗಳು ಪ್ರಶಸ್ತ. ಮಾರ್ಚ್‌ನಲ್ಲಿ ಹಗಲು ದೀರ್ಘವಾಗಿ, ಎತ್ತರದ ಶಿಖರಗಳ ಆರೋಹಣ ಸುಲಭವಾಗುತ್ತದೆ. ಜನವರಿಯ ಆರಂಭದಲ್ಲಿ ಹೊಕ್ಕೈಡೊದಲ್ಲಿ ಸಂಜೆ 4 ಗಂಟೆ ಕಳೆದ ಕೆಲವೇ ನಿಮಿಷಗಳಲ್ಲಿ ಸೂರ್ಯಾಸ್ತವಾಗುವುದರಿಂದ ಬೆಳಗ್ಗೆ ಬೇಗನೆ ಹೊರಡುವುದು ಅವಶ್ಯಕ. ಹಿಮಗಾಳಿಯಿಂದ ಯಾನ ರದ್ದಾಗುವುದು ಸಾಮಾನ್ಯವಾದ ಕಾರಣ ಒಂದೆರಡು ದಿನಗಳನ್ನು ಬಿಡುವಾಗಿ ಇರಿಸಿಕೊಳ್ಳುವುದು ವಾಡಿಕೆ.

ಮಾರ್ಗದರ್ಶಿಯ ಅರ್ಹತೆಯನ್ನು ಮೊದಲೇ ಪರಿಶೀಲಿಸಬೇಕು. ಜಪಾನ್ ಪರ್ವತ ಮಾರ್ಗದರ್ಶಿಗಳ ಸಂಘವು ಅಂತರರಾಷ್ಟ್ರೀಯ ಒಕ್ಕೂಟದ ಸದಸ್ಯತ್ವ ಹೊಂದಿದೆ. ತಂಡದ ಪ್ರತಿಯೊಬ್ಬರೂ ತಮ್ಮ ಸಾಮರ್ಥ್ಯವನ್ನು ಉತ್ಪ್ರೇಕ್ಷೆಯಿಲ್ಲದೆ ತಿಳಿಸಬೇಕಾಗುತ್ತದೆ. ಏಕೆಂದರೆ ತಂಡದ ವೇಗವನ್ನು ನಿರ್ಧರಿಸುವವನು ಅತ್ಯಂತ ನಿಧಾನವಾಗಿ ಸಾಗುವ ಸದಸ್ಯ. ಹೊರಡುವ ಮುನ್ನ ಪರ್ವತಾರೋಹಣದ ಸೂಚನಾಪತ್ರವನ್ನು ಸಲ್ಲಿಸುವ ಪದ್ಧತಿಯಿದೆ. ಸ್ಕೀ ಧಾಮದ ಎಲ್ಲೆಯಾಚೆ ನಡೆಯುವ ಶೋಧಕಾರ್ಯದ ವೆಚ್ಚವನ್ನು ಪ್ರವಾಸಿಗರೇ ಭರಿಸಬೇಕಾಗಬಹುದು. ಆದ್ದರಿಂದ ಅದನ್ನು ಒಳಗೊಳ್ಳುವ ವಿಮೆ ಅಗತ್ಯ.

ಸುರಕ್ಷತೆ

ಹೆಚ್ಚಿನ ಹಿಮಕುಸಿತಗಳು 30ರಿಂದ 45 ಡಿಗ್ರಿ ಇಳಿಜಾರುಗಳಲ್ಲಿ ಸಂಭವಿಸುತ್ತವೆ. ಹೂತುಹೋದವರು ಬದುಕುಳಿಯುವ ಸಾಧ್ಯತೆ ಸುಮಾರು 15 ನಿಮಿಷಗಳ ನಂತರ ತೀವ್ರವಾಗಿ ಕುಸಿಯುತ್ತದೆ. ಹೊರಗಿನ ನೆರವು ಅಷ್ಟರೊಳಗೆ ತಲುಪುವುದು ವಿರಳವಾದ್ದರಿಂದ ಸಂಗಡಿಗರೇ ರಕ್ಷಕರಾಗಬೇಕು. ಇದಕ್ಕಾಗಿ ಪ್ರತಿಯೊಬ್ಬರೂ 457 ಕಿಲೋಹರ್ಟ್ಸ್ ತರಂಗದ ಟ್ರಾನ್ಸೀವರ್, ಹಿಮವನ್ನು ಚುಚ್ಚಿ ನೋಡುವ ಉದ್ದನೆಯ ಸಲಾಕೆ ಮತ್ತು ಸಲಿಕೆಯನ್ನು ಒಯ್ಯಬೇಕು, ಬಳಸಲೂ ತಿಳಿದಿರಬೇಕು. ಮರಗಳ ಬುಡದಲ್ಲಿ ಸಡಿಲ ಹಿಮದಿಂದ ಉಂಟಾಗುವ ಗುಳಿಗಳೂ ಪ್ರಾಣಾಪಾಯಕಾರಿ.

ನಿಸೆಕೊದಲ್ಲಿ ಜಾರಿಯಲ್ಲಿರುವ ಸ್ಥಳೀಯ ನಿಯಮಗಳ ಪ್ರಕಾರ ಎಲ್ಲೆಯ ಹೊರಗೆ ಹೋಗುವವರು ನಿಗದಿತ ದ್ವಾರಗಳ ಮೂಲಕವೇ ಸಾಗಬೇಕು. ದ್ವಾರ ಮುಚ್ಚಿರುವಾಗ ಹೊರಹೋಗುವುದನ್ನೂ ಹಗ್ಗದಡಿ ನುಸುಳುವುದನ್ನೂ ನಿಷೇಧಿಸಲಾಗಿದೆ. ತುರ್ತು ಸಂದರ್ಭದಲ್ಲಿ ಪೊಲೀಸರಿಗೆ 110, ಆಂಬುಲೆನ್ಸ್ ಮತ್ತು ಅಗ್ನಿಶಾಮಕ ದಳಕ್ಕೆ 119 ಸಂಖ್ಯೆಗೆ ಕರೆ ಮಾಡಬಹುದು.

ಪ್ರಮುಖ ದುರಂತಗಳು

1902ರ ಜನವರಿಯಲ್ಲಿ ಹಕ್ಕೋಡಾ ಪರ್ವತದಲ್ಲಿ ಚಳಿಗಾಲದ ತಾಲೀಮಿಗೆ ಹೊರಟ 210 ಸೈನಿಕರ ತುಕಡಿ ಹಿಮಗಾಳಿಯಲ್ಲಿ ದಾರಿ ತಪ್ಪಿ, 199 ಮಂದಿ ಮೃತಪಟ್ಟರು. ಈ ತುಕಡಿಯೊಂದಿಗೆ ಸ್ಥಳೀಯ ದಾರಿತೋರುಗರಿರಲಿಲ್ಲ. ಅದೇ ದಿನಗಳಲ್ಲಿ ಹಿರೊಸಾಕಿಯಿಂದ ಹೊರಟ ಚಿಕ್ಕ ತುಕಡಿಯೊಂದು ಹಳ್ಳಿಗರನ್ನು ದಾರಿತೋರುಗರನ್ನಾಗಿ ಕರೆದೊಯ್ದು, ಜೀವಹಾನಿಯಿಲ್ಲದೆ ಆ ಪರ್ವತವನ್ನು ದಾಟಿತು.

2023ರ ಜನವರಿ 29ರಂದು ನಗಾನೊ ಪ್ರಾಂತದ ಒಟಾರಿ ಗ್ರಾಮದ ಬಳಿ ಸಂಭವಿಸಿದ ಹಿಮಕುಸಿತದಲ್ಲಿ ಅಮೆರಿಕದ ಸ್ಕೀ ಪಟು ಕೈಲ್ ಸ್ಮೇನ್ ಸೇರಿದಂತೆ ಇಬ್ಬರು ಮೃತಪಟ್ಟರು. ಸ್ಮೇನ್ 2015ರ ಹಾಫ್‌ಪೈಪ್ ವಿಶ್ವ ಚಾಂಪಿಯನ್ ಆಗಿದ್ದರು. ನುರಿತವರಿಗೂ ಈ ಪರ್ವತಗಳಲ್ಲಿ ಅಪಾಯ ತಪ್ಪಿದ್ದಲ್ಲ. ಆದುದರಿಂದ ಹಿಂದಿರುಗಬೇಕೆಂಬ ಮಾರ್ಗದರ್ಶಿಯ ನಿರ್ಧಾರವನ್ನು ತಂಡವು ಚರ್ಚೆಯಿಲ್ಲದೆ ಪಾಲಿಸುವುದು ಯಾನದ ಮೂಲ ನಿಯಮವೆನಿಸಿದೆ.