ದುಡಿಯುವ ಬಂಡವಾಳ ಸಾಲ

ದುಡಿಯುವ ಬಂಡವಾಳ ಸಾಲವು ಕಚ್ಚಾವಸ್ತು, ಕೂಲಿ, ವಿದ್ಯುತ್ ಮೊದಲಾದ ದಿನನಿತ್ಯದ ವೆಚ್ಚಗಳಿಗಾಗಿ ಬ್ಯಾಂಕುಗಳು ಉದ್ಯಮಗಳಿಗೆ ನೀಡುವ ಅಲ್ಪಾವಧಿ ಸಾಲವಾಗಿದೆ. ಯಂತ್ರ, ಕಟ್ಟಡಗಳಿಗಾಗಿ ಪಡೆದು ಕಂತುಗಳಲ್ಲಿ ತೀರಿಸುವ ಅವಧಿ ಸಾಲಕ್ಕಿಂತ ಇದು ಭಿನ್ನ. ಭಾರತದಲ್ಲಿ ಇದರ ಮುಖ್ಯ ರೂಪ ಕ್ಯಾಶ್ ಕ್ರೆಡಿಟ್. ಮಂಜೂರಾದ ಮಿತಿಯೊಳಗೆ ಹಣವನ್ನು ಬೇಕಾದಾಗ ತೆಗೆದು, ಬಂದಾಗ ಜಮಾ ಮಾಡಬಹುದು. ಬಳಸಿದ ಮೊತ್ತಕ್ಕೆ ಮಾತ್ರ, ದಿನದ ಬಾಕಿಯ ಆಧಾರದಲ್ಲಿ ಬಡ್ಡಿ ಬೀಳುತ್ತದೆ.

ಸ್ಥಳೀಯ ಹಿನ್ನೆಲೆ

ಬೆಳಗಾವಿ ನಗರದ ಉದ್ಯಮಬಾಗ್ ಹಾಗೂ ಸಮೀಪದ ಮಚ್ಛೆಯ ಕೈಗಾರಿಕಾ ಪ್ರದೇಶಗಳು ಎರಕದ ಕಾರ್ಖಾನೆಗಳಿಗೆ (ಫೌಂಡ್ರಿ) ಹೆಸರಾಗಿವೆ. ಖಾನಾಪುರ ತಾಲ್ಲೂಕು ಜೇಡಿಮಣ್ಣಿನ ಹೆಂಚು, ಇಟ್ಟಿಗೆ ಮತ್ತು ಕುಂಬಾರಿಕೆಗೆ ಪ್ರಸಿದ್ಧವಾಗಿದೆ. ಎರಕದ ಕಾರ್ಖಾನೆಯ ಹಣವು ಬಹುಮಟ್ಟಿಗೆ ಗ್ರಾಹಕ ಕಂಪನಿಗಳ ಬಾಕಿಯಲ್ಲಿ ಸಿಲುಕುತ್ತದೆ. ಇಟ್ಟಿಗೆಯನ್ನು ಒಣಗಿಸಿ ಸುಡುವ ಕೆಲಸ ಬೇಸಿಗೆಯಲ್ಲಿ ನಡೆದು ಮಳೆಗಾಲದಲ್ಲಿ ನಿಲ್ಲುವುದರಿಂದ, ಆ ಹಣವು ದಾಸ್ತಾನಿನಲ್ಲಿ ಉಳಿಯುತ್ತದೆ.

ಮಿತಿಯ ನಿರ್ಧಾರ

1970ರ ದಶಕದ ಟಂಡನ್ ಸಮಿತಿಯು ದಾಸ್ತಾನು ಮತ್ತು ಬಾಕಿಗಳ ಪ್ರಮಾಣಕ್ಕೆ ಮಾನದಂಡಗಳನ್ನು ಸೂಚಿಸಿತು. ಸಣ್ಣ ಉದ್ಯಮಗಳಿಗೆ ನಾಯಕ್ ಸಮಿತಿಯ ಸರಳ ಸೂತ್ರ ಬಳಕೆಯಲ್ಲಿದೆ. ಇದರ ಪ್ರಕಾರ ನಿರೀಕ್ಷಿತ ವಾರ್ಷಿಕ ವಹಿವಾಟಿನ ಶೇ. 25ರಷ್ಟು ದುಡಿಯುವ ಬಂಡವಾಳ ಬೇಕಾಗುತ್ತದೆ. ಅದರಲ್ಲಿ ವಹಿವಾಟಿನ ಶೇ. 20ರಷ್ಟನ್ನು ಬ್ಯಾಂಕು, ಶೇ. 5ರಷ್ಟನ್ನು ಉದ್ಯಮಿ ಭರಿಸುತ್ತಾರೆ. ವಹಿವಾಟು 2 ಕೋಟಿ ರೂಪಾಯಿಯಾದರೆ ಬ್ಯಾಂಕಿನ ಮಿತಿ 40 ಲಕ್ಷ ರೂಪಾಯಿ.

ಡ್ರಾಯಿಂಗ್ ಪವರ್

ಮಂಜೂರಾದ ಮಿತಿಯೆಲ್ಲವೂ ಯಾವಾಗಲೂ ಕೈಗೆ ಸಿಗುವುದಿಲ್ಲ. ಉದ್ಯಮಿಯು ನಿಯತವಾಗಿ ಸಲ್ಲಿಸುವ ದಾಸ್ತಾನು ಮತ್ತು ಬಾಕಿಗಳ ಪಟ್ಟಿಯಿಂದ ಬ್ಯಾಂಕು ಡ್ರಾಯಿಂಗ್ ಪವರ್ ಲೆಕ್ಕ ಹಾಕುತ್ತದೆ. ಅದು ಮತ್ತು ಮಂಜೂರಾದ ಮಿತಿ, ಇವೆರಡರಲ್ಲಿ ಕಡಿಮೆಯಾದಷ್ಟನ್ನು ಮಾತ್ರ ಬಳಸಬಹುದು.

ಉದಾಹರಣೆಗೆ, ಮಾರ್ಜಿನ್ ಶೇ. 25 ಎಂದಿಟ್ಟುಕೊಂಡರೆ:
- ದಾಸ್ತಾನು 30 ಲಕ್ಷ. ಅದರಲ್ಲಿ ಹಣ ಪಾವತಿಸದ ಸರಕು 6 ಲಕ್ಷ. ಉಳಿದ 24 ಲಕ್ಷಕ್ಕೆ ಸಿಗುವುದು 18 ಲಕ್ಷ.
- ಗ್ರಾಹಕರ ಬಾಕಿ 28 ಲಕ್ಷ. ಅದರಲ್ಲಿ 90 ದಿನ ಮೀರಿದ್ದು 8 ಲಕ್ಷ. ಉಳಿದ 20 ಲಕ್ಷಕ್ಕೆ ಸಿಗುವುದು 15 ಲಕ್ಷ.
- ಡ್ರಾಯಿಂಗ್ ಪವರ್ 33 ಲಕ್ಷ.

ಗ್ರಾಹಕರು ಮತ್ತೆ 8 ಲಕ್ಷವನ್ನು ತಡಮಾಡಿದರೆ ಇದು 27 ಲಕ್ಷಕ್ಕೆ ಇಳಿಯುತ್ತದೆ. ಹೀಗೆ ಹಣದ ಅಗತ್ಯ ಹೆಚ್ಚಿದ ಸಮಯದಲ್ಲಿಯೇ ಸಾಲ ಕುಗ್ಗುತ್ತದೆ.

ಅನುತ್ಪಾದಕ ಸಾಲ

ಬಾಕಿಯು ಮಿತಿಯನ್ನು ಅಥವಾ ಡ್ರಾಯಿಂಗ್ ಪವರ್ ಅನ್ನು ಸತತ 90 ದಿನ ಮೀರಿದ್ದರೆ, ಇಲ್ಲವೇ 90 ದಿನಗಳಲ್ಲಿ ಬಡ್ಡಿಗೆ ಸಾಲುವಷ್ಟು ಜಮಾ ಆಗದಿದ್ದರೆ, ಖಾತೆಯನ್ನು ಅನುತ್ಪಾದಕ ಆಸ್ತಿಯೆಂದು ವರ್ಗೀಕರಿಸಲಾಗುತ್ತದೆ. ಬಳಿಕ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು 60 ದಿನಗಳ ನೋಟಿಸ್ ನೀಡಿ ಭದ್ರತೆಯ ಆಸ್ತಿಯನ್ನು ವಶಪಡಿಸಿಕೊಳ್ಳಬಹುದು.

ಸಣ್ಣ ಉದ್ಯಮಗಳಿಗೆ ರಕ್ಷಣೆ

2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ, ಕಿರು ಮತ್ತು ಸಣ್ಣ ಉದ್ಯಮಗಳಿಂದ ಸರಕು ಪಡೆದವರು ಒಪ್ಪಂದವಿದ್ದರೂ 45 ದಿನಗಳೊಳಗೆ ಹಣ ನೀಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲಬೇಕು. ಟ್ರೆಡ್ಸ್ ವೇದಿಕೆಗಳಲ್ಲಿ ಬಿಲ್ಲನ್ನು ವಟಾಯಿಸಿ ಮುಂಚಿತವಾಗಿ ಹಣ ಪಡೆಯುವ ಅವಕಾಶವೂ ಇದೆ. ಒತ್ತೆಯಿಡಲು ಆಸ್ತಿಯಿಲ್ಲದವರ ಸಾಲಕ್ಕೆ 2000ರಲ್ಲಿ ಸ್ಥಾಪಿತವಾದ ಸಿಜಿಟಿಎಂಎಸ್‌ಇ ನಿಧಿಯು ಖಾತರಿ ನೀಡುತ್ತದೆ. ಆದರೆ ಖಾತರಿಯು ಬ್ಯಾಂಕಿಗೆ ಸಲ್ಲುವಂಥದ್ದು, ಅದರಿಂದ ಸಾಲಗಾರನ ಹೊಣೆ ತೀರುವುದಿಲ್ಲ.