ಮಾಸ್ಕಿಂಗ್ (ರೇಡಿಯೊ ನಿಯಂತ್ರಿತ ಕಾರುಗಳು)

ರೇಡಿಯೊ ನಿಯಂತ್ರಿತ ಕಾರುಗಳ ಹವ್ಯಾಸದಲ್ಲಿ ಮಾಸ್ಕಿಂಗ್ ಎಂದರೆ, ಕಾರಿನ ಹೊರಕವಚಕ್ಕೆ (ಬಾಡಿ) ಬಣ್ಣ ಸಿಂಪಡಿಸುವಾಗ ಬಣ್ಣ ತಾಗಬಾರದ ಭಾಗಗಳನ್ನು ಟೇಪ್, ವಿನೈಲ್ ಹಾಳೆ ಅಥವಾ ದ್ರವರೂಪದ ಲೇಪನದಿಂದ ತಾತ್ಕಾಲಿಕವಾಗಿ ಮುಚ್ಚುವ ವಿಧಾನ. ಎರಡು ಬಣ್ಣಗಳ ನಡುವಿನ ಅಂಚು ಸ್ಪಷ್ಟವಾಗಿರಲು, ಕಿಟಕಿಗಳು ಪಾರದರ್ಶಕವಾಗಿ ಉಳಿಯಲು ಹಾಗೂ ಪಟ್ಟಿ, ಸಂಖ್ಯೆ, ವಿನ್ಯಾಸಗಳನ್ನು ಮೂಡಿಸಲು ಇದನ್ನು ಬಳಸಲಾಗುತ್ತದೆ. ಹೆಚ್ಚಿನ ಬಾಡಿಗಳಿಗೆ ಒಳಮೈಯಿಂದ ಬಣ್ಣ ಹಾಕುವುದರಿಂದ, ಇಲ್ಲಿ ಬಣ್ಣಗಳ ಕ್ರಮವು ಸಾಮಾನ್ಯ ಚಿತ್ರಕಲೆಯ ಕ್ರಮಕ್ಕೆ ವಿರುದ್ಧವಾಗಿರುತ್ತದೆ.

ಹಿನ್ನೆಲೆ

ರೇಡಿಯೊ ನಿಯಂತ್ರಿತ ಕಾರುಗಳ ಬಾಡಿಗಳಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಮೊದಲನೆಯದು ಅಚ್ಚಿನಲ್ಲಿ ಎರಕಹೊಯ್ದ ಗಟ್ಟಿ ಪ್ಲಾಸ್ಟಿಕ್ ಬಾಡಿ. ಜಪಾನಿನ ತಮಿಯಾ ಸಂಸ್ಥೆಯು 1976ರಲ್ಲಿ ಹೊರತಂದ ತನ್ನ ಮೊದಲ ರೇಡಿಯೊ ನಿಯಂತ್ರಿತ ಕಾರಾದ 1/12 ಅಳತೆಯ ಪೋರ್ಷೆ 934ಕ್ಕೆ ಇಂತಹ ಬಾಡಿಯಿತ್ತು. ಎರಡನೆಯದು ಪಾರದರ್ಶಕ ಪಾಲಿಕಾರ್ಬೊನೇಟ್ ಹಾಳೆಯನ್ನು ಬಿಸಿಮಾಡಿ, ನಿರ್ವಾತದ ನೆರವಿನಿಂದ ಅಚ್ಚಿನ ಮೇಲೆ ಎಳೆದು ರೂಪಿಸಿದ ಬಾಡಿ. ಪಾಲಿಕಾರ್ಬೊನೇಟನ್ನು 1953ರಲ್ಲಿ ಜರ್ಮನಿಯ ಬೇಯರ್ ಸಂಸ್ಥೆಯಲ್ಲಿ ಹರ್ಮನ್ ಷ್ನೆಲ್ ಹಾಗೂ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿ ಡೇನಿಯಲ್ ಫಾಕ್ಸ್ ಪ್ರತ್ಯೇಕವಾಗಿ ಕಂಡುಹಿಡಿದರು. ಜನರಲ್ ಎಲೆಕ್ಟ್ರಿಕ್ ಇದಕ್ಕೆ ಇಟ್ಟ 'ಲೆಕ್ಸಾನ್' ಎಂಬ ವ್ಯಾಪಾರನಾಮವೇ ಹವ್ಯಾಸಿಗಳ ನಡುವೆ ಬಾಡಿಯ ಹೆಸರಾಗಿಯೂ ಬಳಕೆಗೆ ಬಂದಿದೆ.

ಪಾಲಿಕಾರ್ಬೊನೇಟ್ ಹಗುರವಾಗಿದ್ದು, ಡಿಕ್ಕಿಯಾದಾಗ ಒಡೆಯದೆ ಬಾಗುತ್ತದೆ. ಆದ್ದರಿಂದ ಓಟದ ಕಾರುಗಳಲ್ಲಿ ಇದರ ಬಳಕೆ ಹೆಚ್ಚು. ಬಾಡಿಯ ಹೊರಮೈ ನೆಲಕ್ಕೆ ಉಜ್ಜಿದರೂ ಬಣ್ಣ ಕೆಡದಿರಲೆಂದು ಒಳಮೈಗೆ ಬಣ್ಣ ಸಿಂಪಡಿಸುತ್ತಾರೆ. ನಯವಾದ ಪ್ಲಾಸ್ಟಿಕ್‌ನ ಮೂಲಕ ಬಣ್ಣ ಕಾಣುವುದರಿಂದ ಹೊಳಪಿನ ಲೇಪನ ಪ್ರತ್ಯೇಕವಾಗಿ ಬೇಕಾಗುವುದಿಲ್ಲ.

ಬಣ್ಣಗಳ ಕ್ರಮ

ಒಳಮೈಗೆ ಬಣ್ಣ ಹಾಕುವಾಗ ಮೊದಲು ಸಿಂಪಡಿಸಿದ ಪದರವೇ ಹೊರಗಿನಿಂದ ಕಾಣುತ್ತದೆ. ಅನಂತರದ ಪದರಗಳೆಲ್ಲ ಅದರ ಹಿಂದೆ ಸರಿಯುತ್ತವೆ. ಗಾಜಿನ ಹಿಂಬದಿಯಲ್ಲಿ ಚಿತ್ರ ಬಿಡಿಸುವ ಕಲೆಯಲ್ಲಿಯೂ ಇದೇ ತತ್ತ್ವವಿದೆ. ಇದರಿಂದ ಮೂರು ನಿಯಮಗಳು ಹುಟ್ಟುತ್ತವೆ:

• ಸಣ್ಣ ವಿವರಗಳನ್ನು ಮೊದಲು, ಬಾಡಿಯ ಮುಖ್ಯ ಬಣ್ಣವನ್ನು ಕೊನೆಗೆ ಸಿಂಪಡಿಸಬೇಕು.
• ಗಾಢ ಬಣ್ಣ ಮೊದಲು, ತಿಳಿ ಬಣ್ಣ ನಂತರ ಬರಬೇಕು. ತಿಳಿ ಬಣ್ಣದ ಹಿಂದೆ ಗಾಢ ಬಣ್ಣ ಬಿದ್ದರೆ ತಿಳಿ ಬಣ್ಣವು ಮಂಕಾಗಿ ಕಾಣುತ್ತದೆ.
• ಅಕ್ಷರ ಹಾಗೂ ಅಂಕಿಗಳನ್ನು ಕನ್ನಡಿಯಲ್ಲಿ ಕಾಣುವಂತೆ ತಿರುಗಿಸಿ ಕತ್ತರಿಸಬೇಕು.

ಈ ಕ್ರಮದಿಂದ ಒಂದು ಅನುಕೂಲವೂ ಇದೆ. ಒಮ್ಮೆ ಬಣ್ಣ ಪೂರ್ಣವಾಗಿ ಕೂತ ಭಾಗವನ್ನು ಮತ್ತೆ ಮುಚ್ಚಬೇಕಾಗಿಲ್ಲ. ಮುಂದಿನ ಬಣ್ಣ ಅದರ ಹಿಂದೆ ಬಿದ್ದರೂ ಹೊರಗೆ ಕಾಣದು. ತಿಳಿ ಬಣ್ಣವನ್ನೇ ಮೊದಲು ಹಾಕಬೇಕಾದ ಸಂದರ್ಭದಲ್ಲಿ ಅದರ ಹಿಂದೆ ಬಿಳಿ ಅಥವಾ ಬೆಳ್ಳಿ ಬಣ್ಣದ ಪದರವನ್ನು ಕೊಟ್ಟು, ಬಳಿಕ ಗಾಢ ಬಣ್ಣವನ್ನು ಸಿಂಪಡಿಸುತ್ತಾರೆ. ಪ್ರತಿದೀಪ್ತ (ಫ್ಲೋರೊಸೆಂಟ್) ಬಣ್ಣಗಳು ಅರೆಪಾರದರ್ಶಕವಾಗಿರುವುದರಿಂದ ಅವುಗಳ ಹಿಂದೆ ಬಿಳಿ ಪದರ ಅವಶ್ಯ.

ಈ ಕ್ರಮದಲ್ಲಿ ತಪ್ಪಾದರೆ ಮೇಲಿನಿಂದ ಇನ್ನೊಂದು ಬಣ್ಣ ಬಳಿದು ಸರಿಪಡಿಸಲು ಸಾಧ್ಯವಿಲ್ಲ. ಬಣ್ಣವನ್ನು ಪೂರ್ತಿಯಾಗಿ ತೆಗೆಯಬೇಕಾಗುತ್ತದೆ. ಅಸಿಟೋನ್, ಲ್ಯಾಕರ್ ಥಿನ್ನರ್‌ನಂತಹ ಪ್ರಬಲ ದ್ರಾವಕಗಳು ಪಾಲಿಕಾರ್ಬೊನೇಟನ್ನೇ ಮಸುಕಾಗಿಸಿ ಬಿರುಕುಗೊಳಿಸುತ್ತವೆ. ಆದಕಾರಣ ಬಣ್ಣಗಳ ಕ್ರಮವನ್ನು ಮೊದಲೇ ಕಾಗದದ ಮೇಲೆ ಬರೆದುಕೊಳ್ಳುವುದು ರೂಢಿ.

ಪೂರ್ವಸಿದ್ಧತೆ

ಅಚ್ಚಿನಿಂದ ಬಂದ ಜಿಡ್ಡು ಹಾಗೂ ಬೆರಳಿನ ಎಣ್ಣೆಯಂಶ ಹೋಗುವಂತೆ ಬಾಡಿಯ ಒಳಭಾಗವನ್ನು ಉಗುರುಬೆಚ್ಚಗಿನ ನೀರು ಮತ್ತು ಪಾತ್ರೆ ತೊಳೆಯುವ ಸೋಪಿನಿಂದ ತೊಳೆದು ಒಣಗಿಸಲಾಗುತ್ತದೆ. ಜಿಡ್ಡು ಉಳಿದ ಕಡೆ ಬಣ್ಣವೂ ನಿಲ್ಲದು, ಟೇಪೂ ಅಂಟದು. ಅನೇಕ ಬಾಡಿಗಳ ಹೊರಮೈಗೆ ತೆಳುವಾದ ರಕ್ಷಣಾ ಹಾಳೆಯನ್ನು ಅಂಟಿಸಿರುತ್ತಾರೆ. ವಿನ್ಯಾಸದ ರೇಖೆಗಳನ್ನು ಈ ಹಾಳೆಯ ಮೇಲೆ ಮಾರ್ಕರ್‌ನಿಂದ ಎಳೆದರೆ ಅವು ಒಳಗಿನಿಂದಲೂ ಕಾಣುತ್ತವೆ. ಅವನ್ನೇ ಅನುಸರಿಸಿ ಟೇಪ್ ಅಂಟಿಸಬಹುದು. ಎಲ್ಲ ಬಣ್ಣಗಳು ಒಣಗಿದ ಮೇಲೆಯೇ ಈ ಹಾಳೆಯನ್ನು ತೆಗೆಯುತ್ತಾರೆ.

ಮಾಸ್ಕಿಂಗ್ ವಿಧಾನಗಳು

ಟೇಪ್: ನೇರ ಅಂಚುಗಳಿಗೆ ತೆಳುವಾದ ಕಾಗದದ ಮಾಸ್ಕಿಂಗ್ ಟೇಪ್ ಸೂಕ್ತ. ಮಾದರಿ ತಯಾರಕರಿಗೆಂದು 6, 10, 18 ಮಿ.ಮೀ. ಮುಂತಾದ ಅಗಲಗಳಲ್ಲಿ ಇದು ದೊರೆಯುತ್ತದೆ. ಬಾಗಿದ ರೇಖೆಗಳಿಗೆ ಹಿಗ್ಗುವ ಕಿರಿದಾದ ಪ್ಲಾಸ್ಟಿಕ್ ಟೇಪ್ ಬಳಸುತ್ತಾರೆ. ಮೊದಲು ಕಿರಿದಾದ ಟೇಪಿನಿಂದ ಅಂಚನ್ನು ನಿರ್ಧರಿಸಿ, ಉಳಿದ ಜಾಗವನ್ನು ಅಗಲವಾದ ಟೇಪ್ ಅಥವಾ ಕಾಗದದಿಂದ ಮುಚ್ಚಲಾಗುತ್ತದೆ. ಮನೆಗೆ ಬಣ್ಣ ಹೊಡೆಯುವವರು ಬಳಸುವ ಸಾಮಾನ್ಯ ಟೇಪಿನ ಮೈ ಒರಟಾಗಿರುವುದರಿಂದ ಅದರ ಅಂಚಿನಡಿ ಬಣ್ಣ ನುಸುಳುವ ಸಂಭವ ಹೆಚ್ಚು.

ವಿನೈಲ್ ಮಾಸ್ಕ್: ಕಿಟಕಿಗಳ ಆಕಾರಕ್ಕೆ ಕತ್ತರಿಸಿದ ಅಂಟುಹಾಳೆಗಳನ್ನು ಅನೇಕ ತಯಾರಕರು ಬಾಡಿಯೊಂದಿಗೇ ನೀಡುತ್ತಾರೆ. ಜ್ವಾಲೆ, ಸಂಖ್ಯೆ, ಲಾಂಛನದಂತಹ ವಿನ್ಯಾಸಗಳನ್ನು ಕಂಪ್ಯೂಟರ್ ನಿಯಂತ್ರಿತ ಪ್ಲಾಟರ್‌ನಿಂದ ಕತ್ತರಿಸಿಕೊಳ್ಳಬಹುದು. ಒಂದೇ ವಿನ್ಯಾಸವನ್ನು ಹಲವು ಬಾಡಿಗಳ ಮೇಲೆ ಪುನರಾವರ್ತಿಸಲು ಇದು ಅನುಕೂಲಕರ.

ದ್ರವ ಮಾಸ್ಕ್: ಇದು ಒಣಗಿದಾಗ ರಬ್ಬರಿನಂತಹ ಪೊರೆಯಾಗುವ ದ್ರವ. ಇದನ್ನು ಬ್ರಶ್‌ನಿಂದ ಹಚ್ಚಬಹುದು, ಇಲ್ಲವೇ ಬಾಡಿಯೊಳಗೆ ಸುರಿದು ಎಲ್ಲೆಡೆ ಹರಡಿಸಿ ಹೆಚ್ಚಾದುದನ್ನು ಬಸಿಯಬಹುದು. ಪೊರೆ ತೀರ ತೆಳುವಾಗಿದ್ದರೆ ತೆಗೆಯುವಾಗ ಚೂರುಚೂರಾಗುತ್ತದೆ. ಆದ್ದರಿಂದ ಒಂದರ ಮೇಲೊಂದು ಹಲವು ಪದರಗಳನ್ನು ಕೊಡುತ್ತಾರೆ. ಹಾಲಿನಂತೆ ಕಾಣುವ ದ್ರವವು ಪೂರ್ಣ ಒಣಗಿದಾಗ ಅರೆಪಾರದರ್ಶಕವಾಗುತ್ತದೆ. ಬಳಿಕ ಹರಿತವಾದ ಹೊಸ ಬ್ಲೇಡಿನಿಂದ ವಿನ್ಯಾಸವನ್ನು ಕೊರೆದು, ಗಾಢ ಬಣ್ಣ ಬೀಳಬೇಕಾದ ತುಂಡನ್ನು ಮೊದಲು ಕಿತ್ತು ಸಿಂಪಡಿಸಲಾಗುತ್ತದೆ. ಅನಂತರ ಒಂದೊಂದೇ ತುಂಡನ್ನು ತೆಗೆಯುತ್ತ ತಿಳಿ ಬಣ್ಣಗಳತ್ತ ಸಾಗುತ್ತಾರೆ. ಉಬ್ಬುತಗ್ಗು ಹೆಚ್ಚಿರುವ ಬಾಡಿಗಳಿಗೆ ಈ ವಿಧಾನ ಹೆಚ್ಚು ಉಪಯುಕ್ತ.

ಕೊರೆಯುವಾಗ ಬ್ಲೇಡ್ ಪೊರೆಯನ್ನಷ್ಟೇ ಕತ್ತರಿಸಬೇಕು. ಪಾಲಿಕಾರ್ಬೊನೇಟಿನ ಮೇಲೆ ಆಳವಾದ ಗೀರು ಬಿದ್ದರೆ ಅದು ಬಣ್ಣದ ನಡುವೆ ಗೆರೆಯಾಗಿ ಕಾಣುವುದಲ್ಲದೆ, ಡಿಕ್ಕಿಯ ಒತ್ತಡವು ಅಲ್ಲಿ ಕೇಂದ್ರೀಕೃತವಾಗಿ ಬಾಡಿ ಅದೇ ಗೆರೆಯುದ್ದಕ್ಕೂ ಸೀಳಬಹುದು.

ಸಿಂಪಡಣೆ ಮತ್ತು ಮಾಸ್ಕ್ ತೆಗೆಯುವಿಕೆ

ಪಾಲಿಕಾರ್ಬೊನೇಟಿಗೆಂದೇ ತಯಾರಿಸಿದ, ಒಣಗಿದ ಮೇಲೂ ಬಾಗುವ ಗುಣವುಳ್ಳ ಬಣ್ಣವನ್ನು ಬಳಸಬೇಕು. ತಮಿಯಾದ ಪಿಎಸ್ ಸರಣಿಯ ಸ್ಪ್ರೇ ಕ್ಯಾನ್‌ಗಳು ಇಂತಹವು. ಅದೇ ಸಂಸ್ಥೆಯ ಟಿಎಸ್ ಸರಣಿ ಗಟ್ಟಿ ಪ್ಲಾಸ್ಟಿಕ್‌ಗೆ ಮೀಸಲು. ಬೇರೆ ಬಣ್ಣ ಹಾಕಿದರೆ ಬಾಡಿ ಬಾಗಿದಾಗ ಅದು ಹಕ್ಕಳೆಯಾಗಿ ಉದುರುತ್ತದೆ.

ಟೇಪಿನ ಅಂಚನ್ನು ಬೆರಳಿನ ಉಗುರು ಅಥವಾ ಮರದ ಕಡ್ಡಿಯಿಂದ ಒತ್ತಿದ ಮೇಲೆ, ಮೊದಲ ಪದರವನ್ನು ಮಂಜಿನಂತೆ ಅತಿ ತೆಳುವಾಗಿ ಸಿಂಪಡಿಸುತ್ತಾರೆ. ಅದು ಬೇಗ ಒಣಗಿ ಅಂಚನ್ನು ಮುಚ್ಚುವುದರಿಂದ ಮುಂದಿನ ಪದರಗಳು ಒಳನುಸುಳುವುದಿಲ್ಲ. ಒಂದೇ ಬಾರಿಗೆ ದಪ್ಪವಾಗಿ ಸಿಂಪಡಿಸಿದರೆ ಬಣ್ಣ ಅಂಚಿನಡಿ ಹರಿಯುತ್ತದೆ ಮತ್ತು ಟೇಪಿನೊಂದಿಗೆ ಕಿತ್ತುಬರುತ್ತದೆ. ಬಣ್ಣ ಒಣಗಿದ ಬಳಿಕ ಟೇಪನ್ನು ಅದರ ಮೇಲೆಯೇ ಹಿಂದಕ್ಕೆ ಮಡಚಿ ನಿಧಾನವಾಗಿ ಎಳೆಯಬೇಕು. ಮಾಸ್ಕನ್ನು ಬಹುದಿನ ಹಾಗೆಯೇ ಬಿಟ್ಟರೆ ಅಂಟು ಉಳಿದುಕೊಳ್ಳುತ್ತದೆ. ಕಿಟಕಿಗಳ ಮಾಸ್ಕನ್ನು ಎಲ್ಲಕ್ಕಿಂತ ಕೊನೆಗೆ ತೆಗೆದು, ಬೇಕಿದ್ದಲ್ಲಿ ಒಳಗಿನಿಂದ ಹೊಗೆಬಣ್ಣದ ತೆಳು ಪದರ ನೀಡಲಾಗುತ್ತದೆ.

ಗಟ್ಟಿ ಪ್ಲಾಸ್ಟಿಕ್ ಬಾಡಿಗಳು

ಇವುಗಳಿಗೆ ಹೊರಮೈಯಿಂದ ಬಣ್ಣ ಹಾಕುವುದರಿಂದ ಕ್ರಮವು ತಿರುಗುಮುರುಗಾಗುತ್ತದೆ: ಮೊದಲು ಪ್ರೈಮರ್, ಬಳಿಕ ತಿಳಿ ಬಣ್ಣ, ಕೊನೆಗೆ ಗಾಢ ಬಣ್ಣ. ಬಣ್ಣ ಹಾಕಿದ ಭಾಗದ ಮೇಲೆಯೇ ಟೇಪ್ ಅಂಟಿಸಬೇಕಾಗಿರುವುದರಿಂದ ಕೆಳಗಿನ ಪದರ ಪೂರ್ಣ ಗಟ್ಟಿಯಾಗಿರಬೇಕು, ಟೇಪಿನ ಅಂಟು ಮೃದುವಾಗಿರಬೇಕು.

ಸ್ಪರ್ಧೆಯಲ್ಲಿ ಪ್ರಾಮುಖ್ಯ

ಓಟದಲ್ಲಿ ಚಾಲಕರು ಎತ್ತರದ ವೇದಿಕೆಯ ಮೇಲೆ ನಿಂತು ದೂರದಿಂದ ಕಾರನ್ನು ನಡೆಸುತ್ತಾರೆ. ಒಂದೇ ಆಕಾರದ ಹಲವು ಬಾಡಿಗಳು ಒಟ್ಟಿಗೆ ಸಾಗುವಾಗ ತನ್ನ ಕಾರನ್ನೂ ಅದು ಮುಖಮಾಡಿರುವ ದಿಕ್ಕನ್ನೂ ಕ್ಷಣಾರ್ಧದಲ್ಲಿ ಗುರುತಿಸುವುದು ಅಗತ್ಯ. ಈ ಕಾರಣದಿಂದ ಸೂಕ್ಷ್ಮ ಚಿತ್ತಾರಗಳಿಗಿಂತ ತೀವ್ರ ವ್ಯತ್ಯಾಸವಿರುವ ದೊಡ್ಡ ಬಣ್ಣದ ಪಟ್ಟೆಗಳು, ಹಿಂದೆ ಮುಂದೆ ಬೇರೆ ಬೇರೆ ಬಣ್ಣಗಳು ಹೆಚ್ಚು ಉಪಯುಕ್ತ. ಪ್ರತಿ ಪದರವೂ ಬಾಡಿಯ ತೂಕವನ್ನು ಹೆಚ್ಚಿಸುವುದರಿಂದ ಸ್ಪರ್ಧಿಗಳು ಪದರಗಳನ್ನು ಮಿತಿಯಲ್ಲಿಡುತ್ತಾರೆ.

ಸುರಕ್ಷತೆ

ಸ್ಪ್ರೇ ಬಣ್ಣಗಳ ಆವಿ ಉಸಿರಾಟಕ್ಕೆ ಹಾನಿಕರ ಹಾಗೂ ಬೇಗ ಹೊತ್ತಿಕೊಳ್ಳುವಂತಹುದು. ಗಾಳಿಯಾಡುವ ಸ್ಥಳದಲ್ಲಿ, ಬೆಂಕಿಯಿಂದ ದೂರದಲ್ಲಿ ಸಿಂಪಡಿಸಬೇಕು. ಬಟ್ಟೆಯ ಮುಖಗವಸು ಧೂಳನ್ನು ಸ್ವಲ್ಪಮಟ್ಟಿಗೆ ತಡೆಯಬಹುದೇ ಹೊರತು ದ್ರಾವಕದ ಆವಿಯನ್ನು ತಡೆಯದು; ಅದಕ್ಕೆ ಸಾವಯವ ಆವಿಗಳನ್ನು ಹೀರುವ ಶೋಧಕವುಳ್ಳ ಉಸಿರುಕವಚ ಬೇಕು.