ತೊಟ್ಟಿಲು ಬರುವ ಮೊದಲು

ಒಂಬತ್ತನೆಯ ತಿಂಗಳು ಬರುವ ಮುನ್ನವೇ ಸೂತಿಕಾಗೃಹ ಸಿದ್ಧವಾಗಿರಬೇಕು ಎನ್ನುತ್ತದೆ ಚರಕ ಸಂಹಿತೆ. ಆ ಕೋಣೆಯಲ್ಲಿ ಏನೇನಿರಬೇಕು ಎಂಬ ಉದ್ದನೆಯ ಪಟ್ಟಿಯೇ ಅದರ ಶಾರೀರಸ್ಥಾನದಲ್ಲಿದೆ. ತುಪ್ಪ, ಎಣ್ಣೆ, ಜೇನು, ಬಗೆಬಗೆಯ ಉಪ್ಪು, ಬಿಲ್ವದ ಮರದ ಎರಡು ಮಂಚ, ಬೆಂಕಿಗೆ ಸೌದೆ, ಹರಿತವಾದ ಲೋಹದ ಶಸ್ತ್ರ. ಇವುಗಳ ಜೊತೆಗೆ, ಹಲವು ಬಾರಿ ಹೆತ್ತು ಅನುಭವವಿರುವ ಹೆಂಗಸರೂ ಇರಬೇಕು. ಸುಮಾರು ಎರಡು ಸಾವಿರ ವರ್ಷ ಹಳೆಯದಾದ ಈ ಪಟ್ಟಿಯನ್ನು ಓದಿದವರಿಗೆ ಅಜ್ಜಿಯರ ಕಾಲದ ಬಾಣಂತಿ ಕೋಣೆ ಕಣ್ಣ ಮುಂದೆ ಬಂದರೆ ಆಶ್ಚರ್ಯವಿಲ್ಲ.

ಕನ್ನಡ ನಾಡಿನಲ್ಲಿ ಚೊಚ್ಚಲ ಹೆರಿಗೆ ಎಂದರೆ ತವರಿನ ಹೊಣೆ. ಏಳನೆಯ ತಿಂಗಳಿನ ಸುಮಾರಿಗೆ ಸೀಮಂತ ನಡೆಯುತ್ತದೆ. ಉತ್ತರ ಕರ್ನಾಟಕದಲ್ಲಿ ಇದೇ ಕುಬಸ, ಕರಾವಳಿಯಲ್ಲಿ ಬಯಕೆ. ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಕಣದಿಂದ ಮಡಿಲು ತುಂಬಿ ಮಗಳನ್ನು ಕರೆತಂದ ಮೇಲೆ ತವರಿನಲ್ಲಿ ನಿಜವಾದ ಕೆಲಸ ಆರಂಭ. ಮಳೆ ಹಿಡಿಯುವ ಮೊದಲು ಒಣ ಸೌದೆ ಅಟ್ಟ ಸೇರಬೇಕು. ದಿನವೂ ಹಂಡೆಗಟ್ಟಲೆ ನೀರು ಕಾಯಬೇಕಲ್ಲ! ಹರಳು ಬೇಯಿಸಿ ಎಣ್ಣೆ ತೆಗೆಯಬೇಕು. ಶುಂಠಿ, ಮೆಣಸು, ಓಮ ಹುರಿದು ಪುಡಿ ಮಾಡಬೇಕು. ಧಾರವಾಡದ ಕಡೆಯಾದರೆ ಅಂಟಿನುಂಡೆಗೆ ಅಂಟು, ಒಣಕೊಬ್ಬರಿ, ಉತ್ತತ್ತಿ, ಬೆಲ್ಲ ಕೂಡಿಡಬೇಕು. ಮೂಲೆಯ ಕೋಣೆಯೊಂದನ್ನು ಸಾರಿಸಿ, ಗಾಳಿ ನುಗ್ಗದಂತೆ ಕಿಟಕಿಯ ಸಂದುಗಳಿಗೆ ಬಟ್ಟೆ ತುರುಕಿ, ಹೊರಸಿನ ಕೆಳಗೆ ಕೆಂಡ ಇಡಲು ಅಗ್ಗಿಷ್ಟಿಕೆ ಹೊಂದಿಸುವುದೂ ಇತ್ತು. ಹೊಗೆಯಾಡುವ ಆ ಕತ್ತಲೆಯ ಕೋಣೆ ತಾಯಿಗೂ ಕೂಸಿಗೂ ಎಷ್ಟು ಹಿತವಾಗಿತ್ತೋ, ಅನುಭವಿಸಿದವರೇ ಹೇಳಬೇಕು.

ಇಷ್ಟೆಲ್ಲ ಸಿದ್ಧತೆಯಲ್ಲಿ ಒಂದು ಸಂಗತಿ ಗಮನ ಸೆಳೆಯುತ್ತದೆ. ತೇದು ನೆಕ್ಕಿಸುವ ಬಜೆ, ಅಳಲೆಕಾಯಿಯಂಥವನ್ನು ಬಿಟ್ಟರೆ ಕೂಡಿಟ್ಟದ್ದೆಲ್ಲ ತಾಯಿಗಾಗಿ. ಕೂಸಿಗೆಂದು ಹೊಸದಾಗಿ ಕೊಂಡದ್ದು ಒಂದೂ ಇರುತ್ತಿರಲಿಲ್ಲ. ಹುಟ್ಟುವ ಮೊದಲೇ ತೊಟ್ಟಿಲು ತರಬಾರದು, ಅಂಗಿ ಹೊಲಿಸಬಾರದು ಎಂಬ ನಂಬಿಕೆ ಹಲವು ಕಡೆ ಇತ್ತು. ಬದಲಿಗೆ ಅಜ್ಜಿಯ ಹಳೆಯ ನೂಲಿನ ಸೀರೆ ಪೆಟ್ಟಿಗೆಯಿಂದ ಹೊರಬರುತ್ತಿತ್ತು. ನೂರಾರು ಸಲ ಒಗೆದು ಮೆತ್ತಗಾದ ಅದನ್ನು ಹರಿದು ತುಂಡು ಮಾಡಿ ಮಡಚಿಡುತ್ತಿದ್ದರು. ಉಳಿದ ಚಿಂದಿಯಲ್ಲಿ ಪುಟ್ಟ ಕೌದಿಯೊಂದು ಸಿದ್ಧವಾಗುತ್ತಿತ್ತು. ಯಾರಾದರೂ ಕೇಳಿದರೆ, ಹಳೆ ಬಟ್ಟೆ ಹೊಲಿಯುತ್ತಿದ್ದೇವೆ ಎಂದರಾಯಿತು. ಧಾರವಾಡ ಜಿಲ್ಲೆಯ ಕಲಘಟಗಿಯ, ಅರಗಿನ ಬಣ್ಣದಲ್ಲಿ ರಾಮಾಯಣ, ಕೃಷ್ಣಲೀಲೆಯ ಚಿತ್ರಗಳನ್ನು ಬರೆದ ಹೆಸರಾಂತ ತೊಟ್ಟಿಲು ಮನೆಗೆ ಬರುವುದೇನಿದ್ದರೂ ಹೆರಿಗೆಯ ನಂತರ, ನಾಮಕರಣದ ಹೊತ್ತಿಗೆ. ಅದೂ ಎಷ್ಟೋ ಸಲ ಬಂಧುಗಳ ಮನೆಯಿಂದ ಎರವಲು.

ಇದನ್ನು ಬರಿಯ ಮೂಢನಂಬಿಕೆ ಎಂದು ತಳ್ಳಿಹಾಕುವಂತಿಲ್ಲ. 20ನೆಯ ಶತಮಾನದ ಆರಂಭದಲ್ಲಿ ಭಾರತದಲ್ಲಿ ಹುಟ್ಟಿದ ಪ್ರತಿ 1,000 ಕೂಸುಗಳಲ್ಲಿ ಸುಮಾರು 200 ವರ್ಷ ತುಂಬುವ ಮೊದಲೇ ಕಣ್ಣು ಮುಚ್ಚುತ್ತಿದ್ದವು. ಬರಿದಾದ ಹೊಸ ತೊಟ್ಟಿಲನ್ನು ನೋಡುತ್ತ ಕೂರುವ ಸಂಕಟ ಏನೆಂದು ಆ ಮನೆಗಳಿಗೆ ಗೊತ್ತಿತ್ತು.

ಆ ಸಾವುಗಳ ಒಂದು ಕಾರಣ ಬಾಣಂತಿ ಕೋಣೆಯಲ್ಲೇ ಇತ್ತು. ಸೌದೆಯಿಂದ ಹಿಡಿದು ಶುಂಠಿಯವರೆಗೆ ಎಲ್ಲವನ್ನೂ ಎರಡು ತಿಂಗಳ ಮೊದಲೇ ನೆನಪಿಟ್ಟು ಒದಗಿಸಿದ ಮನೆಯಲ್ಲಿ, ಹೊಕ್ಕುಳಬಳ್ಳಿ ಕತ್ತರಿಸುವ ಸಾಧನವನ್ನು ಮಾತ್ರ ಆ ಗಳಿಗೆಯಲ್ಲಿ ಹುಡುಕಲಾಗುತ್ತಿತ್ತು. ಕುಡುಗೋಲೋ, ಬಿದಿರಿನ ಸೀಳೋ, ಕೈಗೆ ಸಿಕ್ಕಿದ್ದು. ಕೊಯ್ದ ಜಾಗಕ್ಕೆ ಬೂದಿ ಮೆತ್ತುವ ರೂಢಿಯೂ ಇತ್ತು. ಚೆನ್ನಾಗಿ ಹಾಲು ಕುಡಿಯುತ್ತಿದ್ದ ಕೂಸು ವಾರ ತುಂಬುವ ಹೊತ್ತಿಗೆ ಚೀಪುವುದನ್ನು ನಿಲ್ಲಿಸಿ, ಮೈ ಸೆಟೆದು ಸಾಯುತ್ತಿತ್ತು. ದೃಷ್ಟಿ ತಾಗಿತು, ಗಾಳಿ ಸೋಕಿತು ಎಂದುಕೊಂಡದ್ದು ವಾಸ್ತವವಾಗಿ ಧನುರ್ವಾಯು. ಅದರ ರೋಗಾಣು ಮಣ್ಣಿನಲ್ಲಿದೆ ಎಂಬುದು ಜರ್ಮನಿಯ ನಿಕೊಲಾಯರ್ ನಡೆಸಿದ ಪ್ರಯೋಗಗಳಿಂದ ತಿಳಿದದ್ದೇ 1884ರಲ್ಲಿ. ಹರಿತವಾದ ಶಸ್ತ್ರ ಬೇಕೆಂದು ಚರಕ ಸಂಹಿತೆ ಹೇಳಿತ್ತು, ನಿಜ. ಆದರೆ ಹರಿತ ಬೇರೆ, ಕ್ರಿಮಿಯಿಲ್ಲದಂತೆ ಕುದಿಸಿದ್ದು ಬೇರೆ.

ತಪ್ಪನ್ನೆಲ್ಲ ಸೂಲಗಿತ್ತಿಯರ ತಲೆಗೆ ಕಟ್ಟುವುದು ಅಂದಿನ ವೈದ್ಯರ ವರದಿಗಳ ವಾಡಿಕೆ. ಅದು ನ್ಯಾಯವಲ್ಲ. ಪಾವಗಡದ ಸೀಮೆಯಲ್ಲಿ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಕಾಸು ಪಡೆಯದೆ ಮಾಡಿಸಿ, 2018ರಲ್ಲಿ ಪದ್ಮಶ್ರೀ ಪಡೆದ ಸೂಲಗಿತ್ತಿ ನರಸಮ್ಮನವರಂಥವರ ಕೈಗುಣವನ್ನು ನಂಬಿಯೇ ಹಳ್ಳಿಗಳು ಬದುಕಿದ್ದವು. ಅವರಿಗೆ ಹೇಳಿಕೊಡುವವರು ಬೇಕಿತ್ತು. ಅಂಥ ತರಬೇತಿಗೆಂದೇ 1903ರಲ್ಲಿ ವಿಕ್ಟೋರಿಯಾ ಸ್ಮಾರಕ ನಿಧಿ ಸ್ಥಾಪನೆಯಾಯಿತು. 1935ರಲ್ಲಿ ಬೆಂಗಳೂರಿನಲ್ಲಿ ಮಹಾರಾಣಿ ವಾಣಿವಿಲಾಸರ ಹೆಸರಿನ ಆಸ್ಪತ್ರೆ ತೆರೆಯಿತು. ಹಳ್ಳಿಯ ಬಾಣಂತಿ ಕೋಣೆಯವರೆಗೆ ಇವು ಯಾವುವೂ ಸುಲಭವಾಗಿ ತಲುಪಲಿಲ್ಲ. 1985ರ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಬಸುರಿಯರಿಗೆ ಧನುರ್ವಾಯು ಚುಚ್ಚುಮದ್ದು ಸೇರಿತು. 1990ರ ದಶಕದಲ್ಲಿ ಸಾಬೂನು, ಹೊಸ ಬ್ಲೇಡು, ಶುದ್ಧವಾದ ದಾರವಿದ್ದ ಸಣ್ಣ ಪೊಟ್ಟಣಗಳು ಸೂಲಗಿತ್ತಿಯರ ಕೈ ಸೇರತೊಡಗಿದವು. ಪಟ್ಟಿಯಲ್ಲಿ ಬಿಟ್ಟುಹೋಗಿದ್ದ ಸಾಮಾನು ಕೊನೆಗೂ ಬಂತು.

ಅಷ್ಟರಲ್ಲಿ ಕೋಣೆಯೇ ಬದಲಾಗತೊಡಗಿತ್ತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ ಕರ್ನಾಟಕದಲ್ಲಿ 2005-06ರಲ್ಲಿ ನೂರಕ್ಕೆ 65ರಷ್ಟಿದ್ದ ಆಸ್ಪತ್ರೆ ಹೆರಿಗೆಗಳು 2019-21ರ ಹೊತ್ತಿಗೆ 97ಕ್ಕೆ ಏರಿದವು. ತಾಯಂದಿರ ಮತ್ತು ನವಜಾತ ಶಿಶುಗಳ ಧನುರ್ವಾಯು ಭಾರತದಲ್ಲಿ ನಿವಾರಣೆಯಾಗಿದೆ ಎಂದು 2015ರಲ್ಲಿ ಘೋಷಣೆಯಾಯಿತು.

ಸರ್ಕಾರಿ ಆಸ್ಪತ್ರೆಯಲ್ಲಿ ಹೆರುವ ಬಡ ತಾಯಂದಿರಿಗೆ ಒಂದು ಚೀಲ ಸಾಮಾನು ಕೊಡುವ ಯೋಜನೆಯನ್ನು ಕರ್ನಾಟಕ ಸರ್ಕಾರ 2007ರಲ್ಲಿ ಆರಂಭಿಸಿತು. ಅದಕ್ಕೆ ಇಟ್ಟ ಹೆಸರು ‘ಮಡಿಲು’. ಸೊಳ್ಳೆಪರದೆ, ಕಂಬಳಿ, ಸಾಬೂನು, ಕೊಬ್ಬರಿ ಎಣ್ಣೆ, ಬಾಣಂತಿಯ ಹೊಟ್ಟೆಗೆ ಕಟ್ಟುವ ಬಟ್ಟೆ ಅದರಲ್ಲಿದ್ದವು. ಜೊತೆಗೆ ಕೂಸಿಗೆ ಟೊಪ್ಪಿಗೆ, ಸ್ವೆಟರು, ಎಲ್ಲ ಹೊಚ್ಚ ಹೊಸದು. ಅದನ್ನು ಹಿಡಿದು ಮನೆಗೆ ಬಂದವರಿಗೆ, ಮಡಚಿಟ್ಟ ಹಳೆಯ ಸೀರೆಯ ತುಂಡುಗಳೂ ಕಾದಿರುತ್ತಿದ್ದವು.